9876543210ಕ್ಕ ಎಷ್ಟು ಭಾಜಕ ಅದಾವ? ನನಗ 48 ಬರ್ತಾವ, ಕೊಟ್ಟ ಉತ್ತರ 72 ಐತಿ

ಸಪ್ತಾಪುರ_ಅಭ್ಯಾಸಿ:
ಕೈಲೆ ಬಿಡಿಸಾಕತ್ತೇನ್ರಿ. 9876543210ನ್ನ 90ರಿಂದ ಭಾಗಿಸಿದ್ರ 109739369. ಅದನ್ನ 17ರಿಂದ ಭಾಗಿಸಿದ್ರ 6455257. ಮುಂದ 19, 23, 29 ಯಾವುದೂ ಹೋಗವಲ್ದು. 6455257 ಅವಿಭಾಜ್ಯ ಅಂತ ಹಿಡಿದ್ರ 48 ಭಾಜಕ. ಸಿ ಪ್ರೋಗ್ರಾಮಿಗೆ ಹಾಕಿದ್ರ 3, 5 ಎರಡೂ ಹೋಗಂಗಿಲ್ಲ ಅಂತೈತಿ. ಎಲ್ಲಿ ತಪ್ಪಾಗೈತ್ರಿ?

ಲೆಕ್ಕದ_ಮಾಸ್ತರ:
17ನ್ನ ಒಮ್ಮೆ ತಗದು 19ಕ್ಕ ಜಿಗಿದೀರಿ, ಅಲ್ಲೇ ತಪ್ಪೈತಿ. ಭಾಗ ಹೋದ ಅವಿಭಾಜ್ಯದಿಂದಲೇ ಶೇಷ ಉಳಿಯೋ ತನಕ ಮತ್ತ ಭಾಗಿಸ್ಬೇಕು. 17ಕ್ಕ ಸುಲಭ ಪರೀಕ್ಷಾ ಐತಿ: ಕೊನೀ ಅಂಕಿ ತಗದು, ಅದರ ಐದು ಪಟ್ಟು ಉಳಿದದ್ದರಾಗ ಕಳೀರಿ. (51 ಅನ್ನೋದು 17ರ ಮೂರು ಪಟ್ಟು, ಅದಕ್ಕ ಇದು ನಡೀತೈತಿ.)

645525 − 35 = 645490
64549 − 0 = 64549
6454 − 45 = 6409
640 − 45 = 595
59 − 25 = 34

34 ಬಂತು, ಹಂಗಾದ್ರ ಹೋಗ್ತೈತಿ. 6455257 ÷ 17 = 379721. ಮೂರನೇ ಸಲ 17 ಹೋಗಂಗಿಲ್ಲ, ಶೇಷ 9.

ಈ 379721ಕ್ಕ ಲಕ್ಷದ ತನಕ ಹುಡುಕಬ್ಯಾಡ್ರಿ. ಅವಿಭಾಜ್ಯ ಅಲ್ಲಂದ್ರ ವರ್ಗಮೂಲದೊಳಗ ಒಂದು ಅವಿಭಾಜ್ಯ ಭಾಜಕ ಸಿಗಲೇಬೇಕು. 616ರ ವರ್ಗ 379456, 617ರ ವರ್ಗ 380689, ಇದು ನಡುವ ಐತಿ. ಸಣ್ಣ ಅವಿಭಾಜ್ಯಗಳು ಮೊದಲೇ ಮುಗಿದಾವ, 19ರಿಂದ 613ರ ತನಕ 105 ನೋಡಿದ್ರ ಸಾಕು. ಬ್ಯಾಸರ ಬರೋ ಕೆಲಸ ಖರೆ, ಆದ್ರ ಬಿಡೂ ಹಂಗಿಲ್ಲ. 31ಕ್ಕ ಶೇಷ 2, 571ಕ್ಕ 6, 373ಕ್ಕೂ 509ಕ್ಕೂ 7. ಅವಸರ ಮಾಡಿದ್ರ ಇಂಥಲ್ಲೇ ಎಡವೋದು. ಒಂದೂ ಹೋಗಂಗಿಲ್ಲ, 379721 ಅವಿಭಾಜ್ಯ.

9876543210 = 2 × 3² × 5 × 17² × 379721. ಒಂದೊಂದು ಘಾತಕ್ಕ 1 ಕೂಡಿಸಿ ಗುಣಿಸ್ರಿ: 2 × 3 × 2 × 3 × 2 = 72.

ಗದಗ_ಕೋಡ್:
ಪ್ರೋಗ್ರಾಮಿನ ತಪ್ಪು ಬ್ಯಾರೆ. ಪೂರ್ಣಾಂಕ ಇಡೋ 32 ಬಿಟ್ಟಿನ ಇಂಟ್‌ನಾಗ 2147483647ಕ್ಕಿಂತ ದೊಡ್ಡದು ಹಿಡಿಸಂಗಿಲ್ಲ. ನಿಮ್ಮ ಸಂಖ್ಯೆಯಾಗಿಂದ 4294967296ರ ಎರಡು ಪಟ್ಟು ಹಾರಿಹೋಗಿ 1286608618 ಉಳದಿರ್ತೈತಿ. ಅದರ ಅಂಕಿಗಳ ಮೊತ್ತ 46, ಕೊನೀ ಅಂಕಿ 8. 3 ಎಲ್ಲಿಂದ ಹೋಗ್ಬೇಕು, 5 ಎಲ್ಲಿಂದ ಹೋಗ್ಬೇಕು? ಅದರ ಬದಲಿ ದೊಡ್ಡ ಪೂರ್ಣಾಂಕ ಹಿಡಿಸೋ ಲಾಂಗ್ ಲಾಂಗ್ ಹಾಕ್ರಿ, ಓದೋ ಕಡೆ, ಮುದ್ರಿಸೋ ಕಡೆಯೂ ಬದಲಿಸ್ರಿ. ಲೂಪಿನ್ಯಾಗ ಒಂದೊಂದೇ ಭಾಜಕ ನೋಡ್ಕೋತ ಏರೋ ಐ ಸುದ್ದಾ ಲಾಂಗ್ ಲಾಂಗ್ ಇರ್ಲಿ: ಸಂಖ್ಯೆ ಇಳಿಸದ ಹೋದ್ರ ಐ 99380ರ ತನಕ ಏರ್ತೈತಿ, ಇಂಟ್‌ನಾಗ ಐ ಗುಣಿಲೆ ಐ 46340 ದಾಟಿದ ಕೂಡ್ಲೆ ಕೆಡ್ತೈತಿ. ಪೈಥಾನಿನ್ಯಾಗ ಈ ತಕರಾರಿಲ್ಲ.

ಹಾವೇರಿ_ಅಂಕಿ:
ಒಂದು ಎಚ್ಚರ. 9876543210ರ ಅಂಕಿಗಳ ಮೊತ್ತ 45, ಅದಕ್ಕ 45ರಿಂದ ಹೋಗ್ತೈತಿ ಅಂತ ಭಾಳ ಮಂದಿ ಬರೀತಾರ. 9 ಹೋಗೋದು ಮೊತ್ತದಿಂದ, 5 ಹೋಗೋದು ಕೊನೀ ಸೊನ್ನೆಯಿಂದ. 1023456789ರ ಮೊತ್ತನೂ 45, ಅದು 45ರಿಂದ ಹೋಗಂಗಿಲ್ಲ. ಹತ್ತೂ ಅಂಕಿ ಒಮ್ಮೊಮ್ಮೆ ಬರೋ ಯಾವ ಸಂಖ್ಯೆಯೂ ಅವಿಭಾಜ್ಯ ಆಗಂಗಿಲ್ಲ ಅನ್ನೋದಕ್ಕೂ ಆ 9 ಒಂದೇ ಸಾಕು.

1234567890ರ ಜೊತಿ ಮ.ಸಾ.ಅ. (ಎರಡನ್ನೂ ಭಾಗಿಸೋ ಎಲ್ಲಕ್ಕಿಂತ ದೊಡ್ಡ ಸಂಖ್ಯೆ) ಕೇಳಿದ್ರ ಅಪವರ್ತನ ಮಾಡಾಕ ಹೋಗಬ್ಯಾಡ್ರಿ. 9876543210ರಾಗ ಅದರ 8 ಪಟ್ಟು ಕಳದ್ರ ಶೇಷ 90, ಆ 90 ಅದನ್ನ ಪೂರ್ತಿ ಭಾಗಿಸ್ತೈತಿ. ಉತ್ತರ 90.

ಸಪ್ತಾಪುರ_ಅಭ್ಯಾಸಿ:
72 ಬಂತ್ರಿ. ಭಾಜಕಗಳ ಮೊತ್ತ 3 × 13 × 6 × 307 × 379722 = 27278469036, ಸರಿ ಐತೇನ್ರಿ?

ಲೆಕ್ಕದ_ಮಾಸ್ತರ:
ಸರಿ ಐತಿ.