ಚಾರಣಕ್ಕೆ ಒಯ್ಯಬಹುದಾದ ಮಿಂಚು ಪತ್ತೆ ಸಾಧನ: ಯಾವುದನ್ನು ಕೊಳ್ಳಬೇಕು?

ಬೆಟ್ಟದ_ದಾರಿ:

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಚಾರಣ ಬಳಗದ ಸಂಯೋಜಕ. ಮಳೆಗಾಲ ಮುಗಿದು ಪಶ್ಚಿಮ ಘಟ್ಟದ ದಾರಿಗಳು ತೆರೆದ ಮೇಲೆ, ಅಂದರೆ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ, ಕುಮಾರ ಪರ್ವತ ಮತ್ತು ಕುದುರೆಮುಖದ ಕಡೆಗೆ ಆಸಕ್ತರನ್ನು ಕರೆದೊಯ್ಯುತ್ತೇವೆ. ಜೂನ್, ಜುಲೈ ತಿಂಗಳ ಮಳೆ ಎಷ್ಟೇ ಬಿರುಸಾಗಿದ್ದರೂ ಅದರಲ್ಲಿ ಗುಡುಗು ಕಡಿಮೆ. ಹಿಂಗಾರಿನ ಸ್ವಭಾವ ಹಾಗಲ್ಲ; ಬೆಳಿಗ್ಗೆ ತಿಳಿಯಾಗಿದ್ದ ಆಕಾಶ ಮಧ್ಯಾಹ್ನ ಊಟದ ಹೊತ್ತಿಗೆ ಕಪ್ಪಿಟ್ಟು, ನಾವು ಬೋಳು ಏಣಿನ ಮೇಲಿರುವಾಗಲೇ ಸಿಡಿಲು ಶುರುವಾಗುವುದುಂಟು.

ಊರಿನಲ್ಲಿದ್ದಾಗ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಅನ್ನೂ, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಅನ್ನೂ ನೋಡುತ್ತೇವೆ. ಆದರೆ ಕುಮಾರ ಪರ್ವತದ ದಾರಿಯಲ್ಲಿ ಚಾರಣಿಗರು ತಂಗುವ ಭಟ್ಟರ ಮನೆಯನ್ನು ದಾಟಿ ಮೇಲೇರಿದ ಮೇಲೆ ಮೊಬೈಲ್ ಸಿಗ್ನಲ್ ಅನ್ನು ನಂಬಿಕೊಂಡು ಕೂರುವಂತಿಲ್ಲ. ಆದ್ದರಿಂದ ಇಂಟರ್ನೆಟ್ ಇಲ್ಲದೆ ತಾನಾಗಿಯೇ ಮಿಂಚನ್ನು ಗುರುತಿಸುವ, ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳಬಹುದಾದ ಸಾಧನವೊಂದನ್ನು ಬಳಗದ ಹಣದಲ್ಲಿ ಕೊಳ್ಳಬೇಕೆಂದಿದ್ದೇವೆ. ಜಾಲದಲ್ಲಿ ಹುಡುಕಿದರೆ ಸ್ಕೈಸ್ಕ್ಯಾನ್, ಸ್ಟ್ರೈಕ್‌ಅಲರ್ಟ್, ಅಕ್ಯುರೈಟ್ ಮೊದಲಾದ ಅಮೆರಿಕದ ಹೆಸರುಗಳು ಕಾಣುತ್ತವೆ. ಅವಲ್ಲದೆ ಹೆಸರೇ ಇಲ್ಲದ ಅಗ್ಗದ ಸಾಧನಗಳೂ ಇವೆ. ಇವು ತೋರಿಸುವ ದೂರವನ್ನು ಎಷ್ಟರಮಟ್ಟಿಗೆ ನಂಬಬಹುದು? ಕೊಳ್ಳುವಾಗ ಯಾವ ಗುಣಗಳನ್ನು ನೋಡಬೇಕು? ಬಳಸಿ ಬಲ್ಲವರು ದಯವಿಟ್ಟು ತಿಳಿಸಿ.

ತರಂಗ_ವೀಕ್ಷಕ:

ನಾನು ಎಲೆಕ್ಟ್ರಾನಿಕ್ಸ್ ಕ್ಷೇತ್ರದವನು. ಈ ಸಾಧನಗಳ ಒಳಗೆ ನಡೆಯುವುದೇನು ಎಂಬುದು ತಿಳಿದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತಾಗುತ್ತದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮಿಂಚು ಹೊಳೆದಾಗ ಬೆಳಕಿನ ಜೊತೆಗೆ ರೇಡಿಯೋ ತರಂಗಗಳೂ ಹೊಮ್ಮುತ್ತವೆ. ಕೈಯಲ್ಲಿ ಹಿಡಿಯುವ ಸಾಧನ ಕೇಳುವುದು ಆ ತರಂಗಗಳನ್ನು. ಇಂತಹ ಸಾಧನಗಳಲ್ಲಿಯೂ ಹವ್ಯಾಸಿಗಳ ಕಿಟ್‌ಗಳಲ್ಲಿಯೂ ಹೆಚ್ಚಾಗಿ ಬಳಕೆಯಾಗಿರುವ ಎಎಸ್3935 ಎಂಬ ಚಿಪ್ ಸುಮಾರು 500 ಕಿಲೋಹರ್ಟ್ಸ್‌ಗೆ ಶ್ರುತಿ ಮಾಡಿದ ಪುಟ್ಟ ಸುರುಳಿ ಆಂಟೆನಾದ ಮೂಲಕ ಸಂಕೇತವನ್ನು ಪಡೆದು, ಅದರ ಆಕಾರವನ್ನು ಪರೀಕ್ಷಿಸಿ, ಇದು ಮಿಂಚೋ ಅಥವಾ ಮೋಟಾರಿನ ಕಿಡಿಯೋ ಎಂದು ನಿರ್ಧರಿಸುತ್ತದೆ. ಬಳಿಕ ಸಂಕೇತದ ಬಲವನ್ನೂ ಹಿಂದಿನ ಕೆಲವು ಮಿಂಚುಗಳ ದಾಖಲೆಯನ್ನೂ ಸೇರಿಸಿ, ಗುಡುಗುಮಳೆಯ ಮುಂಚೂಣಿ ಎಷ್ಟು ದೂರದಲ್ಲಿರಬಹುದೆಂದು ಅಂದಾಜು ಮಾಡುತ್ತದೆ. ಅದರ ಗರಿಷ್ಠ ವ್ಯಾಪ್ತಿ 40 ಕಿಲೋಮೀಟರ್.

ಇಲ್ಲಿ ಗಮನಿಸಬೇಕಾದ ಮಾತೆಂದರೆ, ಪರದೆಯ ಮೇಲೆ '12' ಎಂದು ಕಂಡರೆ ಈಗತಾನೆ ಹೊಳೆದ ಮಿಂಚು 12 ಕಿಲೋಮೀಟರ್ ದೂರದಲ್ಲಿತ್ತು ಎಂದು ಅರ್ಥವಲ್ಲ. ಮಿಂಚುಗಳೆಲ್ಲ ಒಂದೇ ಬಲದವಲ್ಲ. ದೂರದ ಪ್ರಬಲ ಮಿಂಚು ಹತ್ತಿರದ ದುರ್ಬಲ ಮಿಂಚಿನಂತೆ ಕಾಣಬಲ್ಲದು. ದಾಮಿನಿಯಂತಹ ವ್ಯವಸ್ಥೆಗೆ ದೇಶದುದ್ದಕ್ಕೂ ಸಂವೇದಕಗಳಿದ್ದು, ಒಂದೇ ಮಿಂಚಿನ ತರಂಗ ಬೇರೆ ಬೇರೆ ಕೇಂದ್ರಗಳನ್ನು ತಲುಪಿದ ಕಾಲದ ವ್ಯತ್ಯಾಸದಿಂದ ಅದು ಸ್ಥಳವನ್ನು ಲೆಕ್ಕ ಹಾಕುತ್ತದೆ. ನಿಮ್ಮ ಸೊಂಟದ ಸಾಧನ ಒಂಟಿ ಕಿವಿ. ಅದಕ್ಕೆ ದಿಕ್ಕು ತಿಳಿಯುವುದಿಲ್ಲ. ಆದ್ದರಿಂದ ಒಂದು ಅಂಕಿಗಿಂತ, ಹತ್ತು ಹದಿನೈದು ನಿಮಿಷಗಳಲ್ಲಿ ಅಂಕಿಗಳು ಇಳಿಯುತ್ತಿವೆಯೋ ಏರುತ್ತಿವೆಯೋ ಎಂಬುದೇ ನಿಮಗೆ ಉಪಯುಕ್ತ. ದೂರವನ್ನು ಅಂಕಿಯಲ್ಲಿ ತೋರಿಸುವ ಅಥವಾ 'ಸಮೀಪಿಸುತ್ತಿದೆ' ಎಂಬ ಗುರುತನ್ನು ಕೊಡುವ ಸಾಧನವನ್ನೇ ಆರಿಸಿ. ಬರೀ ಒಂದು ದೀಪ ಮಿನುಗಿಸುವುದನ್ನು ಬಿಟ್ಟುಬಿಡಿ. ಅಮೆರಿಕದ ಸಾಧನಗಳು ಹೆಚ್ಚಾಗಿ ಮೈಲಿಯಲ್ಲಿ ತೋರಿಸುತ್ತವೆ ಎಂಬುದನ್ನು ಬಳಗದವರೆಲ್ಲರಿಗೂ ತಿಳಿಸಿರಿ. 6 ಮೈಲಿ ಎಂದರೆ ಸುಮಾರು 10 ಕಿಲೋಮೀಟರ್.

ಮೂಡಿಗೆರೆ_ತೋಟ:

ತರಂಗ_ವೀಕ್ಷಕರ ವಿವರಣೆ ಸ್ಪಷ್ಟವಾಗಿದೆ. ನಾನು ಚಾರಣಿಗನಲ್ಲ, ಕಾಫಿ ಬೆಳೆಗಾರ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮರಗಸಿ ಮಾಡುವ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಆಳುಗಳು ಮರದ ಮೇಲಿರುತ್ತಾರೆ, ಗುಡುಗುಮಳೆಯ ಕಾಲವೂ ಅದೇ. ಅವರನ್ನು ಯಾವಾಗ ಕೆಳಗಿಳಿಸಬೇಕೆಂಬ ಪ್ರಶ್ನೆ ನಮಗೂ ಇರುವುದರಿಂದ ಇಂತಹ ಸಾಧನವೊಂದನ್ನು ಬಳಸುತ್ತಿದ್ದೇನೆ.

ನನ್ನ ಅನುಭವದಲ್ಲಿ ಇದರ ದೊಡ್ಡ ತೊಂದರೆ ಸುಳ್ಳು ಎಚ್ಚರಿಕೆ. ಪಂಪ್‌ಸೆಟ್ ಚಾಲೂ ಮಾಡಿದರೆ ಕೂಗುತ್ತದೆ, ಎಲ್ಇಡಿ ಬಲ್ಬಿನ ಪಕ್ಕದಲ್ಲಿಟ್ಟರೆ ಕೂಗುತ್ತದೆ, ಜೀಪಿನೊಳಗೆ ಇಟ್ಟುಕೊಂಡು ಹೊರಟರೆ ಸುಮ್ಮನಿರುವುದೇ ಅಪರೂಪ. ಮನೆಯೊಳಗೆ ಹೀಗೆ ಕಾಟ ಕೊಟ್ಟದ್ದು ತೋಟದ ನಡುವೆ ವಿದ್ಯುತ್ ತಂತಿಗಳಿಂದ ದೂರವಾದ ಕೂಡಲೇ ಸಭ್ಯವಾಗುತ್ತದೆ. ಹಾಗಾಗಿ ಬೆಟ್ಟದ ಮೇಲೆ ನಿಮಗೆ ಈ ಸಮಸ್ಯೆ ನಮಗಿಂತ ಕಡಿಮೆ ಇರಬೇಕು. ಆದರೆ ಅದನ್ನು ಮೊಬೈಲ್ ಮತ್ತು ಪವರ್‌ಬ್ಯಾಂಕ್ ಇರುವ ಜೇಬಿನಲ್ಲಿಯೇ ತುರುಕಬೇಡಿ. ಸೂಕ್ಷ್ಮತೆಯನ್ನು ಹೊಂದಿಸಿಕೊಳ್ಳುವ, ಒಳಾಂಗಣ ಮತ್ತು ಹೊರಾಂಗಣ ಎಂದು ಬದಲಿಸಿಕೊಳ್ಳುವ ಸೌಲಭ್ಯವಿದ್ದರೆ ಒಳ್ಳೆಯದು. ಕೂಗಿನ ಜೊತೆಗೆ ಕಂಪನವೂ ಇರಲಿ, ಏಕೆಂದರೆ ಗಾಳಿಯಲ್ಲಿ ಸಣ್ಣ ಬೀಪ್ ಸದ್ದು ಕೇಳಿಸುವುದೇ ಇಲ್ಲ.

ಇನ್ನೊಂದು ಮಾತು. ಹಳೆಯ ಮೀಡಿಯಂ ವೇವ್ ರೇಡಿಯೋ ಮನೆಯಲ್ಲಿದ್ದರೆ ಎಸೆಯಬೇಡಿ. ಮುಳ್ಳನ್ನು ಕೆಳತುದಿಗೆ, 530ರಿಂದ 600 ಕಿಲೋಹರ್ಟ್ಸ್ ನಡುವೆ ಯಾವ ನಿಲಯವೂ ಇಲ್ಲದ ಜಾಗಕ್ಕೆ ತಿರುಗಿಸಿಟ್ಟರೆ ಪ್ರತಿ ಮಿಂಚಿಗೂ 'ಚರ್' ಎಂಬ ಸದ್ದು ಬರುತ್ತದೆ. ದೂರ ಗೊತ್ತಾಗುವುದಿಲ್ಲ, ನಿಜ. ಆದರೆ ಆ ಸದ್ದು ಪದೇ ಪದೇ ಬರತೊಡಗಿ ಜೋರಾಗುತ್ತಿದ್ದರೆ ಆಳುಗಳನ್ನು ಕರೆಯಲು ನನಗೆ ಅಷ್ಟು ಸಾಕು. ಸಾವಿರಾರು ರೂಪಾಯಿಯ ಸಾಧನ ಮಾಡುವ ಕೆಲಸದ ಬಹುಪಾಲು ಇದೇ ಎಂದು ಹೇಳಿದರೆ ಎಲೆಕ್ಟ್ರಾನಿಕ್ಸ್ ಬಲ್ಲವರು ಕೋಪಿಸಿಕೊಳ್ಳಬಾರದು.

ಹಳೆಯ_ಚಾರಣಿಗ:

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಪ್ರಶ್ನೆ ಕೇಳಿದವರು ಇನ್ನೊಂದು ಲೆಕ್ಕವನ್ನು ಮೊದಲು ಮಾಡಬೇಕು. ಗುಡುಗುಮೋಡವೊಂದು ಗಂಟೆಗೆ 30ರಿಂದ 40 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ ಎಂದಿಟ್ಟುಕೊಳ್ಳಿ. ಸಾಧನ 20 ಕಿಲೋಮೀಟರ್ ಎಂದು ಎಚ್ಚರಿಸಿದಾಗ ನಿಮ್ಮ ಬಳಿ ಇರುವುದು ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಅದರಲ್ಲಿಯೂ ಮೋಡದಿಂದ 15 ಕಿಲೋಮೀಟರಿನಷ್ಟು ಮುಂದಕ್ಕೆ ಚಾಚಿ ನೆಲಕ್ಕೆ ಬಡಿಯುವ ಸಿಡಿಲುಗಳೂ ಉಂಟು. ಅವನ್ನು ಲೆಕ್ಕಕ್ಕೆ ಹಿಡಿದರೆ ಉಳಿಯುವುದು ಕೆಲವೇ ನಿಮಿಷ. ಕುಮಾರ ಪರ್ವತದ ದಾರಿಯಲ್ಲಿ ಸಿಗುವ ಶೇಷ ಪರ್ವತದ ಬೋಳು ನೆತ್ತಿಯಿಂದ ಭಟ್ಟರ ಮನೆಯವರೆಗೆ ಗುಂಪಿನೊಡನೆ ಇಳಿಯಲು ಗಂಟೆಗೂ ಮಿಕ್ಕಿ ಸಮಯ ಬೇಕು. ಹಾಗಾದರೆ ನಿಮಗೆ ನಿಜವಾಗಿ ಬೇಕಾಗಿರುವುದು 40 ಕಿಲೋಮೀಟರಿನ ಎಚ್ಚರಿಕೆ. ಸಾಧನದ ಮಾತು ಅತ್ಯಂತ ದುರ್ಬಲವಾಗಿರುವುದು ಅದರ ವ್ಯಾಪ್ತಿಯ ಆ ಅಂಚಿನಲ್ಲಿಯೇ.

ಇನ್ನು ಮೋಡ ಎಲ್ಲಿಂದಲೋ ಬರಬೇಕೆಂದೇನೂ ಇಲ್ಲ. ಘಟ್ಟದ ಇಳಿಜಾರಿಗೆ ಬಡಿದ ತೇವದ ಗಾಳಿ ಮೇಲೇರಿ, ನಿಮ್ಮ ನೆತ್ತಿಯ ಮೇಲೆಯೇ ಗಂಟೆಯೊಳಗೆ ಗುಡುಗುಮೋಡವಾಗಿ ಬೆಳೆಯಬಹುದು. ಅದರ ಮೊದಲ ಸಿಡಿಲನ್ನು ಜಗತ್ತಿನ ಯಾವ ಕೈಸಾಧನವೂ ಮುಂಚಿತವಾಗಿ ಹೇಳಲಾರದು, ಏಕೆಂದರೆ ಅದು ಪತ್ತೆ ಹಚ್ಚುವುದು ಆಗಿಹೋದ ಮಿಂಚನ್ನು. ಹೂಕೋಸಿನಂತೆ ಉಬ್ಬುತ್ತಾ ತುದಿ ಚಪ್ಪಟೆಯಾಗುತ್ತಿರುವ ಮೋಡವನ್ನು ಗುರುತಿಸಲು ಬಳಗದಲ್ಲಿ ಇಬ್ಬರಾದರೂ ಕಲಿತಿರಲಿ.

ಆದ್ದರಿಂದ ಗಡಿಯಾರವೇ ನಿಮ್ಮ ಮೊದಲ ಸಾಧನ ಎಂಬುದು ನನ್ನ ಅಭಿಪ್ರಾಯ. ಹಿಂಗಾರಿನ ದಿನಗಳಲ್ಲಿ ಸೂರ್ಯೋದಯಕ್ಕೆ ಹೊರಟು, ಶಿಖರ ಸಿಕ್ಕಿರಲಿ ಬಿಡಲಿ, ಹನ್ನೆರಡು ಗಂಟೆಗೆ ಬೋಳು ಏಣನ್ನು ಬಿಟ್ಟು ಇಳಿಯುತ್ತೇವೆ ಎಂದು ಹಿಂದಿನ ದಿನವೇ ಎಲ್ಲರೆದುರು ಹೇಳಿಬಿಡಿ. ಆನ್‌ಲೈನ್‌ನಲ್ಲಿ ಮುಂಗಡ ಟಿಕೆಟ್ ಪಡೆದು ದೂರದೂರಿನಿಂದ ಬಂದವರು ಅರ್ಧ ದಾರಿಯಲ್ಲಿ ಹಿಂದಿರುಗಲು ಒಪ್ಪುವುದಿಲ್ಲ. ಆಗ ವಾದ ಮಾಡುತ್ತಾ ನಿಂತ ಹತ್ತು ನಿಮಿಷ ಬಲು ದುಬಾರಿ. ಸಾಧನದಿಂದ ಆಗುವ ಒಂದು ಉಪಕಾರವನ್ನು ಮಾತ್ರ ನಾನು ಅಲ್ಲಗಳೆಯುವುದಿಲ್ಲ: ಸಂಯೋಜಕರು ಹೇಳಿದರೆ ಕೇಳದವರು ಯಂತ್ರ ಕೂಗಿದರೆ ಕೇಳುತ್ತಾರೆ.

ಅದೇ ದಾರಿಯಲ್ಲಿ ಭಟ್ಟರ ಮನೆಯಿಂದ ಮೇಲಕ್ಕೆ ಸಿಗುವ ಕಲ್ಲು ಮಂಟಪದ ಬಗ್ಗೆಯೂ ಒಂದು ಎಚ್ಚರಿಕೆ. ಮಳೆ ಬಂದಾಗ ಎಲ್ಲರೂ ಅದರೊಳಗೆ ನುಗ್ಗುತ್ತಾರೆ. ಅದು ಮಳೆಗೆ ಆಸರೆಯೇ ಹೊರತು ಸಿಡಿಲಿಗಲ್ಲ. ನಾಲ್ಕೂ ಕಡೆ ತೆರೆದ, ತಂತಿ ಕೊಳವೆಗಳಿಲ್ಲದ ಕಲ್ಲಿನ ಚಪ್ಪರದಲ್ಲಿ ವಿದ್ಯುತ್ತಿಗೆ ನೆಲ ಸೇರಲು ಸರಿಯಾದ ದಾರಿಯಿಲ್ಲ. ಒಂಟಿ ಮರದ ಬುಡ, ಬಂಡೆಯ ಪೊಟರೆ, ಟೆಂಟು ಕೂಡ ಹಾಗೆಯೇ. ಕುದುರೆಮುಖದಲ್ಲಾದರೆ ಹುಲ್ಲುಗಾವಲಿನ ಏಣಿನಿಂದ ಇಳಿದು, ಕಣಿವೆಯಲ್ಲಿ ಒಂದೇ ಎತ್ತರಕ್ಕೆ ದಟ್ಟವಾಗಿ ಬೆಳೆದ ಶೋಲಾ ಕಾಡನ್ನು ಸೇರುವುದು ಇದ್ದುದರಲ್ಲಿ ವಾಸಿ. ಅದನ್ನು ಸುರಕ್ಷಿತ ಎನ್ನಲಾರೆ. ಸುರಕ್ಷಿತ ಎನ್ನಬಹುದಾದದ್ದು ಗೋಡೆ ಮಾಡುಗಳುಳ್ಳ, ವೈರಿಂಗ್ ಇರುವ ಕಟ್ಟಡ ಮತ್ತು ಗಾಜು ಏರಿಸಿದ, ಲೋಹದ ಮಾಡಿನ ವಾಹನ ಮಾತ್ರ.

ಬೆಟ್ಟದ_ದಾರಿ:

ಮೂವರಿಗೂ ಕೃತಜ್ಞತೆಗಳು. ಗಡಿಯಾರದ ನಿಯಮವನ್ನು ಬಳಗದ ಮುಂದಿಡುತ್ತೇನೆ. ಆದರೂ ಸಾಧನವನ್ನು ಕೊಳ್ಳುವ ಆಲೋಚನೆ ಬಿಟ್ಟಿಲ್ಲ, ಏಕೆಂದರೆ ಮಂಜು ಕವಿದಾಗ ಮೋಡದ ಆಕಾರವೂ ಕಾಣದು, ದೂರದ ಮಿಂಚೂ ಕಾಣದು. ಇನ್ನೆರಡು ಪ್ರಶ್ನೆಗಳಿವೆ. ಕೊಂಡ ಸಾಧನ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಬೆಟ್ಟಕ್ಕೆ ಹೋಗುವ ಮೊದಲೇ ಪರೀಕ್ಷಿಸುವುದು ಹೇಗೆ? ಸಿಡಿಲು ನಿಂತ ಮೇಲೆ ಮತ್ತೆ ಯಾವಾಗ ಹೊರಡಬಹುದು, ಅದನ್ನು ಸಾಧನವೇ ಹೇಳುತ್ತದೆಯೇ?

ತರಂಗ_ವೀಕ್ಷಕ:

ಹಳೆಯ_ಚಾರಣಿಗರ ಲೆಕ್ಕ ಸರಿಯಾಗಿದೆ. ಸಾಧನವನ್ನು ಬೆಂಬಲಿಸುವವನಾದ ನಾನೂ ಅದನ್ನು ಒಪ್ಪಲೇಬೇಕು. ಮೂಡಿಗೆರೆಯವರ ರೇಡಿಯೋ ವಿಷಯದಲ್ಲಿ ಕೋಪವೇನೂ ಇಲ್ಲ. ಎರಡೂ ಕೇಳುವುದು ಹೆಚ್ಚುಕಡಿಮೆ ಒಂದೇ ಕಂಪನಾಂಕದ ಆಸುಪಾಸಿನ ಸದ್ದನ್ನು.

ಪರೀಕ್ಷೆಗೆ ನಿಮ್ಮ ಮನೆಯ ತಾರಸಿ ಬೇಡ, ಕಿಟಕಿಯ ಪಕ್ಕ ಸಾಕು. ಮುಂಗಾರಿಗೆ ಮುನ್ನಿನ ಒಂದು ಸಂಜೆ ಗುಡುಗುಮಳೆ ಬರುವ ಸೂಚನೆಯಿದ್ದಾಗ, ಸಾಧನವನ್ನು ವಿದ್ಯುತ್ ಉಪಕರಣಗಳಿಂದ ಸಾಧ್ಯವಾದಷ್ಟು ದೂರವಿಟ್ಟು, ಪಕ್ಕದಲ್ಲಿ ದಾಮಿನಿಯನ್ನು ತೆರೆದಿಟ್ಟುಕೊಳ್ಳಿ. ಆ ಆ್ಯಪ್ ನೀವಿರುವ ಸ್ಥಳದ ಸುತ್ತ 20 ಮತ್ತು 40 ಕಿಲೋಮೀಟರ್ ವೃತ್ತಗಳೊಳಗಿನ ಮಿಂಚನ್ನು ತಿಳಿಸುವುದರಿಂದ ಹೋಲಿಕೆ ಸುಲಭ. ಮಿಂಚು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದ ಮೇಲೆ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಹಲವು ಮಳೆಗಳಲ್ಲಿ ಹೀಗೆ ನೋಡಿದರೆ ನಿಮ್ಮ ಸಾಧನ ದೂರವನ್ನು ಹೆಚ್ಚಾಗಿ ಹೇಳುತ್ತದೆಯೋ ಕಡಿಮೆ ಹೇಳುತ್ತದೆಯೋ ಎಂಬ ಅದರ ಗುಣ ಅರಿವಿಗೆ ಬರುತ್ತದೆ. ಸುರುಳಿ ಆಂಟೆನಾ ಎಲ್ಲ ದಿಕ್ಕಿಗೂ ಸಮನಾಗಿ ಸ್ಪಂದಿಸುವುದಿಲ್ಲವಾದ್ದರಿಂದ ಸಾಧನವನ್ನು ಆಗಾಗ ತಿರುಗಿಸಿಯೂ ನೋಡಿ.

ಮತ್ತೆ ಹೊರಡುವ ವಿಷಯದಲ್ಲಿ ಸಾಧನದ ಮೌನವನ್ನು ಅನುಮತಿಯೆಂದು ತಿಳಿಯಬೇಡಿ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾಯುವುದು ಎಲ್ಲೆಡೆ ಒಪ್ಪಿತವಾದ ಕ್ರಮ. ನಡುವೆ ಒಂದು ಗುಡುಗು ಕೇಳಿದರೂ, ಸಾಧನ ಹತ್ತಿರದ ಮಿಂಚನ್ನು ತೋರಿಸಿದರೂ, ಎಣಿಕೆಯನ್ನು ಮೊದಲಿನಿಂದ ಆರಂಭಿಸಬೇಕು. ಸಾಧನ ಏನೂ ತೋರಿಸದಿದ್ದು ಗುಡುಗು ಕಿವಿಗೆ ಬಿದ್ದರೆ ಕಿವಿಯನ್ನೇ ನಂಬಿ, ಏಕೆಂದರೆ ಗುಡುಗು ಕೇಳುವಷ್ಟು ಸಮೀಪದಲ್ಲಿ ಮೋಡವಿದೆಯೆಂದರೆ ನೀವು ಆಗಲೇ ಸಿಡಿಲಿನ ವ್ಯಾಪ್ತಿಯಲ್ಲಿದ್ದೀರಿ.

ಕೊಳ್ಳುವಾಗ ಉಳಿದ ಸಣ್ಣ ವಿಷಯಗಳು: ಅಂಗಡಿಯಲ್ಲಿ ಸಿಗುವ ಎಎ ಅಥವಾ ಎಎಎ ಸೆಲ್ ಹಾಕಬಹುದಾದದ್ದನ್ನು ಆರಿಸಿ, ನೀರು ತಡೆಯುವ ಹೊದಿಕೆ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿಡಿ, ಅದರಿಂದ ತರಂಗಗಳಿಗೆ ತಡೆಯಿಲ್ಲ, ಆದರೆ ಲೋಹದ ಡಬ್ಬಿಯಲ್ಲಿ ಇಡಬಾರದು. ವಿದೇಶದಿಂದ ತರಿಸಿದರೆ ಸುಂಕ ಬೀಳುತ್ತದೆ, ಕೆಟ್ಟರೆ ದುರಸ್ತಿಗೆ ಕಳುಹಿಸುವುದು ಕಷ್ಟ. ಹಾಗೆಂದು ಹೆಸರಿಲ್ಲದ ಅಗ್ಗದ ಸಾಧನಕ್ಕೆ ಮರುಳಾಗಬೇಡಿ. ಒಳಗೆ ಯಾವ ಚಿಪ್ ಇದೆ, ವ್ಯಾಪ್ತಿ ಎಷ್ಟು ಎಂಬುದನ್ನು ಮಾರುವವರು ಬರೆದು ತಿಳಿಸದಿದ್ದರೆ ಅದನ್ನು ಬಿಡಿ. ಹಣ ಒದಗಿದರೆ ಎರಡು ಕೊಳ್ಳಿ. ಗುಂಪಿನ ಮುಂದಿರುವವರ ಬಳಿ ಒಂದು, ಹಿಂದಿರುವವರ ಬಳಿ ಒಂದು ಇದ್ದು ಎರಡೂ ಒಟ್ಟಿಗೆ ಕೂಗಿದರೆ, ಅದು ಒಬ್ಬರ ಪವರ್‌ಬ್ಯಾಂಕಿನ ಕಿತಾಪತಿಯಲ್ಲ ಎಂದು ಅಲ್ಲಿಯೇ ತಿಳಿಯುತ್ತದೆ.