ಸಹಾಯ ಬೇಕು: ಫೀನಿಕ್ಸ್ ಹಿತ್ತಿಲಿಗೆ ನೆರಳು

ಅರಿಜೋನಾದಲ್ಲಿರುವ ಕನ್ನಡದವರೇ, ನಮ್ಮ ಹಿತ್ತಿಲು ಪಶ್ಚಿಮಕ್ಕಿದೆ. 2023ರಲ್ಲಿ ಇಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತಲ್ವಾ, ಆಗ ಊರಿಂದ ಬಂದಿದ್ದ ಅಮ್ಮ ಸಂಜೆ ಕೂಡ ಹೊರಗೆ ಕೂರಲಾಗದೆ ಕಿಟಕಿ ಪಕ್ಕದಲ್ಲೇ ದಿನ ಕಳೆದರು. ಮತ್ತೆ ಬರುತ್ತಿದ್ದಾರೆ, ಅಷ್ಟರಲ್ಲಿ ಒಂದು ಜಾಗ ಮಾಡಲೇಬೇಕು.

ಹೋದ ಜುಲೈನಲ್ಲಿ ಕಟ್ಟಿದ್ದ ನೆರಳು ಬಟ್ಟೆ ದೂಳಿನ ಬಿರುಗಾಳಿಗೆ ಮೂಲೆಯ ಲೋಹದ ಬಳೆ ಸಮೇತ ಕಿತ್ತುಬಂತು. ಈಗ ಅಲ್ಯೂಮಿನಿಯಂ ಚಾವಣಿ ಹಾಕಿಸೋಣ ಅಂತಿದ್ದೇನೆ. ಆದರೆ ನಾಲ್ಕು ಗಂಟೆ ಮೇಲೆ ಬಿಸಿಲು ಓರೆಯಾಗಿ ಒಳಗೇ ಬರುತ್ತದೆ, ಪಕ್ಕಕ್ಕೂ ಪರದೆ ಬೇಕು. ಶೇ. 80ರಷ್ಟು ಬಿಸಿಲು ತಡೆಯುವಂಥದ್ದು ಸಾಕಾ? 90ರದ್ದು ಹಾಕಿದರೆ ಗಾಳಿ ಜಾಸ್ತಿ ತಡೆಯುತ್ತದಾ?

ಇನ್ನೊಂದು, ಕಂಬಕ್ಕೆ ಗುಂಡಿ ತೋಡಿದರೆ ಒಂದಡಿಗೇ ಕಲೀಚಿ, ಬಿಳಿ ಸುಣ್ಣದ ಗಟ್ಟಿ ಪದರ. ಹಾರೆ ಟಣ್ ಎನ್ನುತ್ತದೆ. ನೀವು ಹೇಗೆ ಒಡೆದಿರಿ? ಕಟ್ಟಿಸಿದವರು ದಯವಿಟ್ಟು ಫೋಟೋ ಹಾಕಿ.