ಹೊಸತೊಡಕಿನ ಬಾಡೂಟ: ಉಳಿದ ಸಾರು ಕೆಡದಂತೆ ಇಡುವುದು ಹೇಗೆ?

ಪ್ರಶ್ನೆ (ಹಾಸನದಿಂದ)

ನಮಸ್ಕಾರ. ಈ ಬಾರಿ ಯುಗಾದಿಯ ಮರುದಿನದ ಹೊಸತೊಡಕಿಗೆ ನಮ್ಮ ಮನೆಯಲ್ಲಿ ಸುಮಾರು ಮೂವತ್ತು ಮಂದಿ ನೆಂಟರು ಸೇರಲಿದ್ದು, ಅತ್ತೆಯವರು ಮೊದಲ ಬಾರಿಗೆ ಅಡುಗೆಯ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ಕಳೆದ ವರ್ಷ ನಡೆದದ್ದನ್ನು ನೆನೆದರೆ ಅಳುಕಾಗುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಬಡಿಸಿದ ಮಟನ್ ಸಾರಿನಿಂದ ಯಾರಿಗೂ ತೊಂದರೆಯಾಗಲಿಲ್ಲ. ಅದೇ ಸಾರನ್ನು ದೊಡ್ಡ ತಪ್ಪಲೆಯಲ್ಲೇ ಮುಚ್ಚಿಟ್ಟು, ರಾತ್ರಿ ಒಂಬತ್ತಕ್ಕೆ ತುಸು ಬೆಚ್ಚಗೆ ಮಾಡಿ ಉಂಡ ಏಳು ಮಂದಿಗೆ ಬೆಳಗಿನ ಜಾವ ಹೊಟ್ಟೆ ನುಲಿತ ಮತ್ತು ಭೇದಿ ಕಾಣಿಸಿಕೊಂಡವು. ಜ್ವರವಾಗಲಿ ವಾಂತಿಯಾಗಲಿ ಇರಲಿಲ್ಲ. ಮರುದಿನದ ಹೊತ್ತಿಗೆ ತಾನಾಗಿಯೇ ಇಳಿಯಿತು. ಮಾಂಸವೇ ಸರಿಯಿರಲಿಲ್ಲವೆಂದು ಮಾವನವರು, ಸರಿಯಾಗಿ ಬೆಂದಿರಲಿಲ್ಲವೆಂದು ಅತ್ತೆಯವರು ಇಂದಿಗೂ ವಾದಿಸುತ್ತಾರೆ. ಹಾಗಿದ್ದರೆ ಮಧ್ಯಾಹ್ನ ಉಂಡವರಿಗೂ ಆಗಬೇಕಿತ್ತಲ್ಲವೇ? ಅಟ್ಟದ ಮೇಲಿರುವ ಅಜ್ಜಿಯ ಕಾಲದ ಹಿತ್ತಾಳೆ ಕೊಳಗವನ್ನು ಈ ಸಲ ಬಳಸಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1 (ಚಿಕ್ಕಮಗಳೂರಿನಿಂದ)

ನಿಮ್ಮ ಅನುಮಾನ ಸರಿಯಾಗಿದೆ. ಬಹು ವರ್ಷ ಆಹಾರ ವಿಜ್ಞಾನ ಪಾಠ ಮಾಡಿದವನಾಗಿ ಹೇಳುವುದಾದರೆ, ನೀವು ವಿವರಿಸಿದ ಲಕ್ಷಣಗಳು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಹಾವಳಿಗೆ ಚೆನ್ನಾಗಿ ಹೊಂದುತ್ತವೆ. ಉಂಡ 6ರಿಂದ 24 ಗಂಟೆಗಳೊಳಗೆ ಹೊಟ್ಟೆ ನುಲಿದು ಭೇದಿಯಾಗುವುದು, ಜ್ವರ ಮತ್ತು ವಾಂತಿ ಸಾಮಾನ್ಯವಾಗಿ ಇಲ್ಲದಿರುವುದು, ಒಂದು ದಿನದಲ್ಲಿ ಇಳಿಯುವುದು ಅದರ ಗುರುತುಗಳು. ಇದರ ಬೀಜಾಣುಗಳು (ಬಿಸಿ ತಡೆದುಕೊಳ್ಳುವ, ಗಟ್ಟಿ ಹೊದಿಕೆಯ ಸುಪ್ತ ರೂಪಗಳು) ಸಾರು ಕುದಿಯುವಾಗಲೂ ಸಾಯುವುದಿಲ್ಲ. ಒಲೆ ಆರಿಸಿದ ಮೇಲೆ ಸಾರು ನಿಧಾನವಾಗಿ ಆರುತ್ತಾ 45 ಡಿಗ್ರಿಯ ಆಸುಪಾಸಿಗೆ ಬಂದಾಗ ಅವು ಮೊಳೆತು ಅತ್ಯಂತ ವೇಗವಾಗಿ ಬೆಳೆಯುತ್ತವೆ. ಹತ್ತು ಹದಿನೈದು ಲೀಟರಿನ ತಪ್ಪಲೆಯ ನಡುಭಾಗ ಹಾಗೆ ಬೆಚ್ಚಗಿರುವುದು ಒಂದೆರಡು ಗಂಟೆಯಲ್ಲ, ಸಂಜೆಯವರೆಗೂ. ಮುಚ್ಚಳ ಮುಚ್ಚಿದ್ದರಂತೂ ಹೇಳುವುದೇ ಬೇಡ.

ಆದ್ದರಿಂದ ಊಟ ಮುಗಿಯುತ್ತಿದ್ದಂತೆ, ಮಾತಿಗೆ ಕೂರುವ ಮೊದಲೇ, ಉಳಿದ ಸಾರನ್ನು ಎರಡು ಮೂರು ಅಂಗುಲಕ್ಕಿಂತ ಆಳವಿಲ್ಲದಂತೆ ಅಗಲವಾದ ಬೋಗುಣಿಗಳಿಗೆ ಹಂಚಿ, ಆ ಬೋಗುಣಿಗಳನ್ನು ತಣ್ಣೀರಿನ ಟಬ್ಬಿನಲ್ಲಿಟ್ಟು ಆಗಾಗ ಕದಡಿ, ಆರಿದ ಮೇಲೆ ಫ್ರಿಜ್‌ನಲ್ಲಿಡಿ. 60 ಡಿಗ್ರಿಯಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮುಂದಿನ ನಾಲ್ಕು ಗಂಟೆಯೊಳಗೆ ಇಳಿಯಬೇಕೆಂಬುದು ದೊಡ್ಡ ಅಡುಗೆಮನೆಗಳು ಪಾಲಿಸುವ ನಿಯಮ. ರಾತ್ರಿ ಬೇಕಾದಷ್ಟನ್ನು ಮಾತ್ರ ಫ್ರಿಜ್‌ನಿಂದ ತೆಗೆದು, ತಳದಿಂದ ಮೇಲಿನವರೆಗೆ ಮರಳುವಂತೆ ಕುದಿಸಿರಿ, ಬೆಚ್ಚಗಾದರೆ ಸಾಲದು. ಅನ್ನದ ವಿಷಯ ಬೇರೆ. ಹೊರಗೆ ಬಹಳ ಹೊತ್ತು ಉಳಿದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ, ವಾಂತಿ ತರಿಸುವ ವಿಷವು ಎಷ್ಟು ಬಿಸಿ ಮಾಡಿದರೂ ಅಳಿಯುವುದಿಲ್ಲವಾದ್ದರಿಂದ, ರಾತ್ರಿಗೆ ಹೊಸದಾಗಿ ಅನ್ನ ಮಾಡುವುದೋ ಮುದ್ದೆ ಕಟ್ಟುವುದೋ ಒಳ್ಳೆಯದು.

ಕೈಮ ಉಂಡೆ ಮಾಡುವುದಿದ್ದರೆ ಒಂದನ್ನು ಮುರಿದು, ನಡುವೆ ಪೂರ್ತಿ ಬೆಂದಿದೆಯೇ ಎಂದು ನೋಡಿಕೊಳ್ಳಿ. ಕೊಚ್ಚುವಾಗ ಮಾಂಸದ ಮೇಲ್ಮೈಯಲ್ಲಿದ್ದ ಬ್ಯಾಕ್ಟೀರಿಯಾ ಒಳಗೆಲ್ಲಾ ಬೆರೆತಿರುತ್ತದೆ. ಕೋಳಿಯನ್ನು ನಲ್ಲಿಯ ಕೆಳಗೆ ತೊಳೆದರೆ ಸಿಡಿಯುವ ಹನಿಗಳು ಪಕ್ಕದ ಸೌತೆಕಾಯಿ, ಈರುಳ್ಳಿಯನ್ನೂ ಕೆಡಿಸುತ್ತವೆ. ತೊಳೆಯದೆ ಮನಸ್ಸು ಒಪ್ಪದಿದ್ದರೆ ಪಾತ್ರೆಯೊಳಗೆ ನಿಧಾನವಾಗಿ ತೊಳೆದು, ಸಿಂಕನ್ನು ಸೋಪಿನಿಂದ ಉಜ್ಜಿರಿ.

ಉತ್ತರ 2 (ಸಕಲೇಶಪುರದಿಂದ)

ಮೇಲಿನವರ ಮಾತನ್ನು ಗೌರವಿಸುತ್ತಲೇ ಒಂದು ಸಂಶಯ. ನಮ್ಮ ತಾಯಿಯವರು ಬಾಡಿನ ಸಾರನ್ನು ಎರಡು ದಿನ ಒಲೆಯ ಮೇಲೆಯೇ ಇಟ್ಟು ಬಡಿಸುತ್ತಿದ್ದರು, ಮರುದಿನದ ಸಾರಿಗೇ ರುಚಿ ಹೆಚ್ಚೆನ್ನುತ್ತಿದ್ದರು. ಆಗ ಫ್ರಿಜ್ ಎಲ್ಲಿತ್ತು? ಯಾರಿಗೂ ಏನೂ ಆದ ನೆನಪಿಲ್ಲ.

ಉತ್ತರ 3 (ಉತ್ತರ 1 ಬರೆದವರಿಂದ)

ತಮ್ಮ ತಾಯಿಯವರು ಸಾರನ್ನು ಇಟ್ಟಿದ್ದದ್ದು ಕೆಂಡದ ಮೇಲೆ ಅಲ್ಲವೇ? ಕೆಂಡದ ಕಾವಿನಲ್ಲಿ ಹಬೆಯಾಡುತ್ತಲೇ ಇರುವ ಸಾರು 60 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಗ್ಯಾಸ್ ಒಲೆ ಬಂದ ಮೇಲೆ ನಾವು ಉರಿ ಆರಿಸಿದೆವು, ಪಾತ್ರೆಯನ್ನು ಮಾತ್ರ ಹಾಗೆಯೇ ಒಲೆಯ ಮೇಲೆ ಬಿಟ್ಟೆವು.

ಉತ್ತರ 4 (ಬೇಲೂರಿನಿಂದ)

ಕೊಳಗದ ಬಗ್ಗೆ ಯಾರೂ ಹೇಳಲಿಲ್ಲ. ಒಳಗಿನ ಕಲಾಯಿ (ತವರದ ಲೇಪ) ಹೋಗಿದ್ದರೆ ಹುಳಿ ಬೀಳುವ ಯಾವ ಸಾರನ್ನೂ ಅದರಲ್ಲಿ ಮಾಡಬೇಡಿ. ಹುಣಸೆ, ಟೊಮೆಟೊ ಹುಳಿಗೆ ಹಿತ್ತಾಳೆಯಲ್ಲಿರುವ ತಾಮ್ರ ಕರಗಿ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಕಲಾಯಿ ಹಾಕುವವರು ಈಗ ಅಪರೂಪವಾದ್ದರಿಂದ ಹಬ್ಬಕ್ಕೆ ಎರಡು ವಾರ ಮೊದಲೇ ವಿಚಾರಿಸಿ. ಗ್ಯಾಸ್ ಪೈಪಿಗೆ ಐದು ವರ್ಷವಾಗಿದ್ದರೆ ಅದನ್ನೂ ಬದಲಿಸಿಕೊಳ್ಳಿ. ವಾಸನೆ ಬಂದರೆ ಕಿಟಕಿ ತೆರೆದು, ಸ್ವಿಚ್ ಮುಟ್ಟದೆ ಹೊರಬಂದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಕರೆ ಮಾಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಕೊಳಗವನ್ನು ಇಳಿಸಿ ನೋಡಿದೆವು. ಒಳಗೆ ಕಲಾಯಿ ಅಲ್ಲಲ್ಲಿ ಮಾತ್ರ ಉಳಿದಿದೆ, ಆದ್ದರಿಂದ ಅದು ಈ ಸಲ ಕುಡಿಯುವ ನೀರಿಗೂ ಬೇಡವೆಂದು ಅಟ್ಟಕ್ಕೇ ಮರಳಿತು. ಉತ್ತರ 3ನ್ನು ಅತ್ತೆಯವರಿಗೆ ಓದಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಪಕ್ಕದ ಮನೆಯಿಂದ ನಾಲ್ಕು ಅಗಲದ ಬೋಗುಣಿ ಕೇಳಿ ತರಲು ತಾವೇ ಹೊರಟರು.